ಪಹಣಿಪ್ರಮಾಣ: ಸೋದರತ್ತೆಯ ಚಿತ್ರಮೀಮಾಂಸೆಗೊಂದು ಪ್ರವೇಶ

‘ಚಿತ್ರಮೀಮಾಂಸೆ’ ಎಂಬ ಗ್ರಂಥವನ್ನು ಅಪ್ಪಯ್ಯ ದೀಕ್ಷಿತರು ಹದಿನಾರನೆಯ ಶತಮಾನದಲ್ಲೇ ಬರೆದಿಟ್ಟರು. ಜಗನ್ನಾಥ ಪಂಡಿತರು ಅದನ್ನು ಖಂಡಿಸಲೆಂದೇ ಇನ್ನೊಂದು ಬರೆದರು. ವಿಷಾದದ ಸಂಗತಿಯೆಂದರೆ ಇಬ್ಬರೂ ಒಂದೇ ಒಂದು ಸಿನಿಮಾ ನೋಡಿದವರಲ್ಲ. ಉಪಮೆ, ರೂಪಕಗಳಲ್ಲೇ ಅವರ ಜಗಳ ಮುಗಿದುಹೋದ್ದರಿಂದ ಶಾಸ್ತ್ರದಲ್ಲಿ ಒಂದು ದೊಡ್ಡ ಜಾಗ ಖಾಲಿ ಬಿದ್ದಿತ್ತು. ತಿಪಟೂರಿನ ನಮ್ಮ ಸೋದರತ್ತೆ ಅದನ್ನು ತುಂಬಿದ್ದಾರೆ. ಬಹುಪಾಲು ಸೊಪ್ಪು ಬಿಡಿಸುತ್ತ, ಮಿಕ್ಕಿದ್ದನ್ನು ಟೀವಿಯಲ್ಲಿ ಜಾಹೀರಾತು ಬಂದಾಗ.

ಈ ದರ್ಶನವನ್ನು ಕ್ರಮಬದ್ಧವಾಗಿ ವಿದ್ವತ್ ಲೋಕದ ಮುಂದಿಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ವಿದ್ವತ್ ಲೋಕ ಇದನ್ನು ಕೇಳಿಲ್ಲ ಎಂಬುದು ನಿಜ. ಅದು ಯಾವ ಪ್ರಬಂಧವನ್ನೂ ತಾನಾಗಿ ಕೇಳಿದ್ದು ಕಂಡಿಲ್ಲ.

ಆಚಾರ್ಯರ ಕಾಲ, ದೇಶ ಇತ್ಯಾದಿ

ಶಾಸ್ತ್ರಕಾರರು ಹುಟ್ಟಿದ ವರ್ಷದ ಬಗ್ಗೆ ವಿವಾದ ಇರಲೇಬೇಕೆಂಬ ಸಂಪ್ರದಾಯಕ್ಕೆ ಅತ್ತೆಯೂ ಹೊರತಲ್ಲ. ಸ್ವವಚನದ ಪ್ರಕಾರ ‘ಬೇಡರ ಕಣ್ಣಪ್ಪ’ ಬಂದಾಗ ಅವರು ತೊಟ್ಟಿಲಲ್ಲಿದ್ದರು, ಅಂದರೆ 1954. ಮಾವನವರ ಪ್ರಕಾರ ಅದೇ ಚಿತ್ರವನ್ನು ಅವರು ಟೆಂಟಿನ ನೆಲದ ಮೇಲೆ ಕೂತು ಸ್ವಂತ ಕಣ್ಣಿನಿಂದ ನೋಡಿದ್ದಾರೆ. ಕಣ್ಣಪ್ಪ ಕಣ್ಣು ಕೀಳುವಾಗ ಕಿರುಚಿದ್ದಕ್ಕೆ ಮನೆತನದ ಹಿರಿಯರ ಸಾಕ್ಷ್ಯವೂ ಉಂಟು. ಶಾಲೆಯ ದಾಖಲೆಯಲ್ಲಿ ಮೂರನೆಯ ವರ್ಷವೊಂದಿದೆ. ಆದರೆ ಅದನ್ನು ಹಾಕಿದವರು ಮೇಷ್ಟ್ರು, ಹಾಕಿದ್ದು ಜೂನ್ ಒಂದನೇ ತಾರೀಕು. ಆದ್ದರಿಂದ ಅದು ಪ್ರಕ್ಷಿಪ್ತ.

ಮದುವೆಯ ಕಾಲಕ್ಕೆ ಮಾತ್ರ ಗಟ್ಟಿ ಶಾಸನಾಧಾರವಿದೆ: ಸ್ಟೀಲ್ ಕೊಳಗದ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು ಮತ್ತು ತಾರೀಕು. ಅದರ ಜೋಡಿ ಶಾಸನವೊಂದು ಪಾಯಸ ತುಂಬಿಕೊಂಡು ಪಕ್ಕದ ಮನೆಗೆ ಹೋದದ್ದು ಈವರೆಗೆ ಹಿಂದಿರುಗಿಲ್ಲ. ಸಂಶೋಧನೆ ಮುಂದುವರಿದಿದೆ.

ಅತ್ತೆ ಏನನ್ನೂ ಬರೆದಿಟ್ಟಿಲ್ಲ. ಎಲ್ಲವನ್ನೂ ಬರೆಸಿಕೊಳ್ಳಬೇಕೆಂದು ಸಾರುವ ದರ್ಶನ ತಾನು ಮಾತ್ರ ಬಾಯಿಮಾತಿನಲ್ಲೇ ಉಳಿದಿರುವುದು ವಿರೋಧಾಭಾಸ ಎಂದು ಕೆಲವರು ಆಕ್ಷೇಪಿಸಬಹುದು. ವೇದಗಳ ವಿಷಯದಲ್ಲಿ ಆಕ್ಷೇಪಿಸದವರು ಇಲ್ಲಿ ಬಾಯಿ ತೆರೆಯಬಾರದು ಎಂಬುದೇ ಸಮಾಧಾನ.

ಮೂಲಸೂತ್ರ

ಬಾದರಾಯಣರಿಗೆ 500ಕ್ಕೂ ಹೆಚ್ಚು ಸೂತ್ರ ಬೇಕಾದವು. ಅತ್ತೆಗೆ ಒಂದು ಸಾಕಾಯಿತು: ‘ಬರೆಸ್ಕೊಂಡಿದ್ದನಾ?’

ಈ ಸೂತ್ರದ ಮೊದಲ ಪ್ರಯೋಗ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ದ (1965) ಮೇಲೆ ಆದದ್ದು. ಹರಿಶ್ಚಂದ್ರ ರಾಜ್ಯವನ್ನು ಬಾಯಿಮಾತಿನಲ್ಲಿ ಕೊಟ್ಟ. ಆಮೇಲೆ ಬಾಕಿ ತೀರಿಸಲು ಹೆಂಡತಿ ಮಗನನ್ನು ಮಾರಿ, ತಾನು ಸ್ಮಶಾನ ಕಾಯಲು ನಿಂತ. ಇದು ಸತ್ಯದ ಪರೀಕ್ಷೆ ಎಂದು ಲೋಕ ಅತ್ತಿತು. ಅತ್ತೆಯೂ ಅತ್ತರು, ಅತ್ತಾದ ಮೇಲೆ ಮೂಗೊರೆಸಿಕೊಂಡು ಹೇಳಿದ್ದು: ‘ಕೊಟ್ಟೋನು ರಾಜ, ಈಸ್ಕೊಂಡೋನು ಋಷಿ, ಮಧ್ಯೆ ಒಂದು ಚೀಟಿ ಇಲ್ಲ. ಬಾಕಿ ಎಷ್ಟು ಅಂತ ಆ ನಕ್ಷತ್ರಿಕ ಹೇಳಿದ್ದೇ ಲೆಕ್ಕ.’ ನರಸಿಂಹರಾಜು ಅವರ ನಕ್ಷತ್ರಿಕನನ್ನು ಕಂಡು ನಾಡೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ವಸೂಲಿಗೆ ಬಂದವನನ್ನು ಕಂಡು ನಗಬೇಕಾದರೆ ಸಾಲ ಮಾಡದ ಮನೆಯಲ್ಲಿ ಹುಟ್ಟಿರಬೇಕಂತೆ. 2008ರಲ್ಲಿ ಅದೇ ಚಿತ್ರಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗ ಹೋಗಿ ನೋಡಿ ಬಂದು ಕೊಟ್ಟ ತೀರ್ಪು ಇನ್ನೂ ಚಿಕ್ಕದು: ‘ಬಣ್ಣ ಹಚ್ಚಿದಾರೆ. ಪತ್ರ ಇನ್ನೂ ಮಾಡ್ಸಿಲ್ಲ.’

ಸೂತ್ರ ಪ್ರೌಢಾವಸ್ಥೆಗೆ ಬಂದದ್ದು ‘ಬಂಗಾರದ ಮನುಷ್ಯ’ನಲ್ಲಿ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, 1972. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದು ಹೆಸರಾದದ್ದು. ಪೇಟೆ ಸೇರಿದ್ದ ಹುಡುಗರು ಇದನ್ನು ನೋಡಿ ಊರಿಗೆ ವಾಪಸಾಗಿ ನೇಗಿಲು ಹಿಡಿದರು ಎಂಬ ಮಾತು ಇಂದಿಗೂ ಇದೆ. ಕಥೆ ಎಲ್ಲರಿಗೂ ಗೊತ್ತು: ರಾಜೀವ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಬಂಡೆ ಒಡೆದು, ಬರಡು ನೆಲವನ್ನು ಹಸಿರು ಮಾಡಿ, ಕೊನೆಗೆ ಅಕ್ಕನ ಮಗನೇ ಅನುಮಾನಪಟ್ಟಾಗ ಮರುಮಾತಾಡದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ಆ ನಡಿಗೆಯ ಮೇಲೆ ವಿಮರ್ಶಕರು ತ್ಯಾಗ, ನಿಷ್ಕಾಮ ಕರ್ಮ, ಗಾಂಧೀವಾದ ಎಂದು ಬರೆದ ಪುಟಗಳನ್ನು ಹಾಸಿದರೆ ಆ ಹೊಲವೇ ಮುಚ್ಚಿಹೋದೀತು. ಅತ್ತೆಯ ಭಾಷ್ಯ ಇಷ್ಟು: ‘ರಾಜೀವಪ್ಪ ಹನ್ನೆರಡನೇ ಕಾಲಂನಲ್ಲಿ ದುಡಿದ ಕಣೋ. ಒಂಬತ್ತನೇ ಕಾಲಂನಲ್ಲಿ ಅವನ ಹೆಸರೇ ಇರ್ಲಿಲ್ಲ.’

ಪಹಣಿಯನ್ನು ಕೈಯಲ್ಲಿ ಹಿಡಿದು ನೋಡದ ಓದುಗರಿಗಾಗಿ: ಒಂಬತ್ತನೆಯ ಕಾಲಂನಲ್ಲಿ ಇರುವುದು ಮಾಲೀಕನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ಬೆವರು ಸುರಿಸುವವನೂ ಒಡೆಯನೂ ಒಬ್ಬನೇ ಆಗಿರಬೇಕಿಲ್ಲ ಎಂಬ ಸತ್ಯವನ್ನು ಕಾರ್ಲ್ ಮಾರ್ಕ್ಸ್ ಮೂರು ಸಂಪುಟಗಳಲ್ಲಿ ಹೇಳಲು ಹೆಣಗಿದ್ದಾರೆ. ಕಂದಾಯ ಇಲಾಖೆ ಅದನ್ನು ಒಂದೇ ಹಾಳೆಯಲ್ಲಿ, ಎರಡು ಅಂಕಣಗಳ ನಡುವಿನ ಗೆರೆಯಲ್ಲಿ ಹೇಳಿಬಿಟ್ಟಿದೆ. ಆ ಗೆರೆಯನ್ನು ಸಿನಿಮಾದ ಪರದೆಯ ಮೇಲೆ ಮೊದಲು ಕಂಡವರು ಅತ್ತೆ.

ಉಪಸೂತ್ರದ ಉತ್ಪತ್ತಿ

‘ಕಸ್ತೂರಿ ನಿವಾಸ’ (1971) ಈ ದರ್ಶನಕ್ಕೆ ಒಡ್ಡಿದ ಇಕ್ಕಟ್ಟು ಸಣ್ಣದಲ್ಲ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಕೊನೆಗೆ ಮನೆಗೆ ಬಂದ ನೀಲಾಳಿಗೆ ಊಟ ಹಾಕಲು, ಸಾಕಿದ ಪಾರಿವಾಳವನ್ನೇ ಮಾರುತ್ತಾನೆ. ಆಕೆ ಬಂದದ್ದೋ, ಮಗುವಿಗಾಗಿ ಅದೇ ಪಾರಿವಾಳವನ್ನು ಕೇಳಲು. ಇಂಥ ಕಡೆ ‘ಬರೆಸ್ಕೊಂಡಿದ್ದನಾ?’ ಎಂದು ಕೇಳಿ ಪ್ರಯೋಜನವಿಲ್ಲ. ಬರೆಸಿಕೊಳ್ಳುವ ಇಚ್ಛೆಯೇ ಇಲ್ಲದವನ ಮೇಲೆ ಸೂತ್ರ ಕೆಲಸ ಮಾಡದು. ಬೇರೆ ಯಾರಾದರೂ ಆಗಿದ್ದರೆ ಸಿದ್ಧಾಂತವನ್ನೇ ಕೈಬಿಡುತ್ತಿದ್ದರು. ಅತ್ತೆ ಉಪಸೂತ್ರವೊಂದನ್ನು ಹೊರತೆಗೆದರು: ‘ಅಡುಗೆಮನೇಲಿ ಏನಿತ್ತು?’

ಅದರ ವಿವರಣೆ ಅವರದೇ ಮಾತಿನಲ್ಲಿ: ‘ಹೊತ್ತಲ್ಲದ ಹೊತ್ತಲ್ಲಿ ಬಂದೋರಿಗೆ ಎಲೆ ಹಾಕಿ ಊಟ ಯಾತಕ್ಕೆ? ಒಂದು ಲೋಟ ಮಜ್ಜಿಗೆ, ಎರಡು ಬಾಳೆಹಣ್ಣು ಕೊಟ್ಟಿದ್ರೆ ಆಗ್ತಿತ್ತು. ಪಾರಿವಾಳಾನೂ ಉಳೀತಿತ್ತು, ರಾಜ್‌ಕುಮಾರೂ ಉಳೀತಿದ್ರು.’

ದುರಂತಕ್ಕೆ ನಾಯಕನ ಪ್ರಮಾದವೇ ಕಾರಣ ಎಂದು ಅರಿಸ್ಟಾಟಲ್ ಹೇಳಿದ್ದು ಸರಿ. ಆ ಪ್ರಮಾದ ಮಜ್ಜಿಗೆಯ ಅಳತೆಯದಾಗಿರಬಹುದೆಂದು ಆತನಿಗೆ ತೋಚಲಿಲ್ಲ. ಒಂದು ಮಾತನ್ನು ಮಾತ್ರ ಇಲ್ಲಿ ದಾಖಲಿಸಲೇಬೇಕು. ಆ ದೃಶ್ಯ ಬಂದಾಗಲೆಲ್ಲ ಅತ್ತೆ ಅಳುತ್ತಲೇ ಮಜ್ಜಿಗೆಯ ವಾದ ಮಂಡಿಸುತ್ತಾರೆ, ವಾದ ಮಂಡಿಸುತ್ತಲೇ ಅಳುತ್ತಾರೆ. ತರ್ಕಕ್ಕೂ ರಸಕ್ಕೂ ಅಲ್ಲಿ ಒಂದೇ ಸೆರಗು. ಸಿನಿಮಾ ನೋಡಿ ಎರಡರಲ್ಲೊಂದನ್ನು ಮಾತ್ರ ಮ್ಯಾನೇಜು ಮಾಡುವ ನನ್ನಂಥವರಿಗೆ ಇದು ಅಸೂಯೆ ಹುಟ್ಟಿಸುವ ಸಂಗತಿ.

ಉಪಸೂತ್ರ ಹುಟ್ಟಿದ್ದೇ ತಡ, ಅದರ ಬೆಳಕಿನಲ್ಲಿ ‘ಸಂಸ್ಕಾರ’ (1970) ನಿಚ್ಚಳವಾಯಿತು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ; ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ಸತ್ತು ಮಲಗಿದ ನಾರಣಪ್ಪನಾಗಿ ಲಂಕೇಶ್. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಕೇಂದ್ರ ಸರ್ಕಾರ ಸ್ವರ್ಣಕಮಲ ಕೊಟ್ಟಿತು. ಅಸ್ತಿತ್ವವಾದ, ಆಧುನಿಕತೆಯ ಬಿಕ್ಕಟ್ಟು, ಆತ್ಮಶೋಧನೆ ಎಂದು ಐವತ್ತು ವರ್ಷ ಇದರ ಮೇಲೆ ಸೆಮಿನಾರು ನಡೆದಿವೆ. ಅವುಗಳಲ್ಲಿ ಊಟದ ವ್ಯವಸ್ಥೆ ಚೆನ್ನಾಗಿಯೇ ಇತ್ತು. ಅತ್ತೆ ದೂರದರ್ಶನದಲ್ಲಿ ನೋಡಿ ಹೇಳಿದ್ದು: ‘ಹೆಣ ಎತ್ತೋವರೆಗೂ ಅಗ್ರಹಾರದಲ್ಲಿ ಒಲೆ ಹಚ್ಚೋ ಹಾಗಿಲ್ಲ. ಹಸಿದೋರು ಶಾಸ್ತ್ರ ಮಾತಾಡಿದ್ರೆ ಹಿಂಗೇ ಆಗೋದು. ಚಂದ್ರಿ ಒಬ್ಬಳೇ ಬುದ್ಧಿವಂತೆ, ರಾತ್ರೋರಾತ್ರಿ ಸುಡಿಸಿ ಕೆಲಸ ಮುಗಿಸಿದ್ಲು.’ ಚಂದ್ರಿ ಒಡವೆ ಬಿಚ್ಚಿ ಮುಂದಿಟ್ಟ ಕೂಡಲೇ ಅಗ್ರಹಾರದ ಧರ್ಮಸೂಕ್ಷ್ಮ ಎಷ್ಟು ಬೇಗ ಬಣ್ಣ ಬದಲಿಸಿತು ಎಂಬುದನ್ನೂ ಅವರು ಗಮನಿಸಿದ್ದರು. ಆಸ್ತಿ ಮತ್ತು ಅನ್ನ, ಸೂತ್ರ ಮತ್ತು ಉಪಸೂತ್ರ, ಒಂದೇ ಹೆಣದ ಸುತ್ತ ಕೂತಿವೆ. ಇಷ್ಟು ಸ್ಪಷ್ಟವಾಗಿ ಸೆಮಿನಾರಿನಲ್ಲಿ ಯಾರಾದರೂ ಹೇಳಿದ್ದರೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು.

ಚೋಮ, ತಬರ

‘ಚೋಮನ ದುಡಿ’ಯ (1975) ವಿಷಯಕ್ಕೆ ಬಂದಾಗ ಅಣಕಿಗೆ ಅಷ್ಟು ಜಾಗ ಸಿಗುವುದಿಲ್ಲ. ಕಾರಂತರು 1933ರಲ್ಲಿ ಬರೆದ ಕಾದಂಬರಿ. ಬಿ.ವಿ. ಕಾರಂತರು ಅದನ್ನು ತೆರೆಗೆ ತಂದ ಹೊತ್ತಿಗೆ ದೇವರಾಜ ಅರಸರ ಸರ್ಕಾರ ಭೂಸುಧಾರಣೆಗೆ ತಿದ್ದುಪಡಿ ತಂದು ಒಂದು ವರ್ಷವಾಗಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಊರೂರ ಗೋಡೆಗಳ ಮೇಲಿತ್ತು. ಚೋಮ ಕೇಳಿದ್ದು ಒಂದು ತುಂಡು ಬೇಸಾಯದ ಭೂಮಿ. ಜಾತಿಯ ಕಾರಣಕ್ಕೆ ಅದು ಸಿಗಲಿಲ್ಲ. ಎತ್ತಿದ್ದವು, ತೋಳಿತ್ತು, ಒಂಬತ್ತನೇ ಕಾಲಂ ಹೋಗಲಿ, ಹನ್ನೆರಡನೇ ಕಾಲಂಗೂ ಅವನನ್ನು ಬಿಡಲಿಲ್ಲ. ‘ರಾಜೀವಪ್ಪ ಒಡೆದ ಬಂಡೆ ನೆಲದಲ್ಲಿ ಅರ್ಧ ಎಕರೆ ಇವನಿಗೆ ಬರೆದುಕೊಟ್ಟಿದ್ರೆ ಎರಡು ಸಿನಿಮಾನೂ ಸುಖವಾಗಿ ಮುಗೀತಿದ್ವು’ ಎಂದರು ಅತ್ತೆ. ಮೂರು ವರ್ಷದ ಅಂತರದಲ್ಲಿ ಬಂದ ಎರಡು ಚಿತ್ರಗಳು, ಒಂದು ಜನಪ್ರಿಯ, ಒಂದು ಕಲಾತ್ಮಕ. ಒಂದನ್ನು ನೋಡಿದವರು ಇನ್ನೊಂದನ್ನು ನೋಡಲಿಲ್ಲ. ಇವೆರಡರ ಸರ್ವೆ ನಂಬರು ಅಕ್ಕಪಕ್ಕದ್ದು ಎಂದು ಹೇಳಿದವರು ನನಗೆ ಗೊತ್ತಿದ್ದಂತೆ ಇನ್ನೊಬ್ಬರಿಲ್ಲ.

ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯನ್ನು (1986) ಅತ್ತೆ ಅರ್ಧಕ್ಕೇ ಆರಿಸಿದರು. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ಚಾರುಹಾಸನ್ನರ ಮುಖ ನೋಡುತ್ತ ನೋಡುತ್ತ ಎದ್ದು ಹೋಗಿ, ಟ್ರಂಕಿನಿಂದ ಮಾವನವರ ಪಿಂಚಣಿ ಕಾಗದಗಳನ್ನು ತೆಗೆದು ಸರಿಯಾಗಿವೆಯೇ ಎಂದು ಎಣಿಸಿದರು. ಯಾವ ನಿರ್ದೇಶಕನಿಗೂ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಕ್ಕಿರಲಾರದು. ಸ್ವರ್ಣಕಮಲ ಇದರ ನಂತರದ್ದು.

ಖಳಲಕ್ಷಣ

ನಾಯಕರನ್ನು ಧೀರೋದಾತ್ತ, ಧೀರಲಲಿತ ಎಂದು ನಾಲ್ಕಾಗಿ ವಿಂಗಡಿಸಿದ ಲಾಕ್ಷಣಿಕರು ಖಳನ ವಿಷಯದಲ್ಲಿ ಜಿಪುಣರು. ಅತ್ತೆಯ ಪ್ರಕಾರ ಲಕ್ಷಣ ಸರಳ: ಕಾಗದ ಯಾರ ಹತ್ತಿರ ಇದೆಯೋ ಅವನೇ ಖಳ. ‘ಭೂತಯ್ಯನ ಮಗ ಅಯ್ಯು’ (1974) ಚಿತ್ರದ ಭೂತಯ್ಯನ ಪೆಟ್ಟಿಗೆಯಲ್ಲಿ ಊರಿನವರ ಪತ್ರಗಳಿವೆ, ಊರಿನವರ ಬಾಯಲ್ಲಿ ಶಾಪವಿದೆ. (ಈ ಚಿತ್ರದಲ್ಲಿ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯಕ್ಕೆ ಉಪಸೂತ್ರದ ಅಡಿಯಲ್ಲಿ ಪೂರ್ಣಾಂಕ ಸಂದಿದೆ. ಎಂ.ಪಿ. ಶಂಕರ್ ಅಭಿನಯವನ್ನು ಮರೆತಾರು, ಆ ಉಪ್ಪಿನಕಾಯಿಯನ್ನು ಮರೆಯರು.)

ಇದೇ ಮಾನದಂಡದಿಂದ ‘ಕೆಜಿಎಫ್’ (2018) ಅಳೆದಾಗ ಆದ ಅನಾಹುತ ಕೇಳಿ. ಮೊಮ್ಮಗ ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋಗಿದ್ದ. ಪರದೆಯ ಮೇಲೆ ದೂಳು, ಕತ್ತಲೆ, ಸುತ್ತಿಗೆ. ಅತ್ತೆ ಮೊದಲರ್ಧ ಪೂರ್ತಿ ಕರೆಂಟು ಹೋಗಿದೆ ಎಂದೇ ತಿಳಿದಿದ್ದರು. ನಡುರಸ್ತೆಯಲ್ಲಿ ಬಿದ್ದ ಬನ್ನಿಗಾಗಿ ಮಗು ಹೊತ್ತ ತಾಯಿ ತಡಕಾಡುವಾಗ ರಾಕಿ ಟ್ರಾಫಿಕ್ಕನ್ನೇ ನಿಲ್ಲಿಸಿದ್ದು ಅವರಿಗೆ ಸೇರಿತು, ಉಪಸೂತ್ರ. ಆದರೆ ಅವರು ಸೀಟಿನಲ್ಲಿ ನೆಟ್ಟಗೆ ಕೂತದ್ದು ಖಳನ ಪೂರ್ವಕಥೆಗೆ. ನೆಲದಲ್ಲಿ ಚಿನ್ನವಿದೆಯೆಂದು ಗೊತ್ತಾದ ಸೂರ್ಯವರ್ಧನ ಸುಣ್ಣದಕಲ್ಲಿನ ಗಣಿಗಾರಿಕೆ ಎಂದು ತೋರಿಸಿ ಜಾಗವನ್ನು 99 ವರ್ಷದ ಗುತ್ತಿಗೆಗೆ ಬರೆಸಿಕೊಳ್ಳುತ್ತಾನಲ್ಲ, ಅಲ್ಲಿಗೆ. ‘ಇಷ್ಟು ವರ್ಷ ಸಿನಿಮಾ ನೋಡಿದೀನಿ, ಕಾಗದ ಸರಿಯಾಗಿ ಮಾಡ್ಸಿಕೊಂಡೋನು ಇವನೊಬ್ಬ’ ಎಂದು ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. ಹಿಂದಿನ ಸಾಲಿನವರು ಯಶ್ ಬಂದರೆಂದು ತಿಳಿದು ಸಿಳ್ಳೆ ಹಾಕಿದರು.

‘ನಾಗರಹಾವು’ (1972) ಬಗ್ಗೆ ಎರಡೇ ಮಾತು. ಪುಟ್ಟಣ್ಣನವರು ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಬೇಸರಪಟ್ಟ ಕಥೆ ಪ್ರಸಿದ್ಧ. ಅತ್ತೆಗೆ ಹಾವಿನ ತಕರಾರಿಲ್ಲ, ತಕರಾರು ಚಾಮಯ್ಯ ಮೇಷ್ಟ್ರ ಮೇಲೆ: ‘ಪಾಠ ಹೇಳೋರು ಪಾಠ ಹೇಳ್ಬೇಕು. ಮದುವೆ ಮುರಿಯೋದಕ್ಕೆ ಗುರುದಕ್ಷಿಣೆ ಲೆಕ್ಕಕ್ಕೆ ತರಬಾರದು.’ ಅಶ್ವತ್ಥ್ ಅವರ ಅಭಿಮಾನಿಗಳ ಕೋಪಕ್ಕೆ ನಾನು ಹೊಣೆಯಲ್ಲ.

ಮುಂಗಾರು ಮಳೆಗೆ ಕಂದಾಯ ಇಲಾಖೆಯ ಕೊಡುಗೆ

ಇಲ್ಲಿ ಪ್ರಸ್ತುತ ಲೇಖಕನ ಸ್ವಂತ ಸಂಶೋಧನೆಯೊಂದನ್ನು ಸೇರಿಸಲು ಅನುಮತಿ ಬೇಡುತ್ತೇನೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಇದರ ಬೆನ್ನಿಗೇ, 2006ರ ಡಿಸೆಂಬರ್ ಕೊನೆಯಲ್ಲಿ, ‘ಮುಂಗಾರು ಮಳೆ’ ಬಿಡುಗಡೆಯಾಯಿತು. ನಾಯಕನಿಗೆ ಹೊಲವಿಲ್ಲ, ಸಾಲವಿಲ್ಲ, ದಾಯಾದಿಗಳಿಲ್ಲ. ಇರುವುದು ಮಳೆ, ಒಂದು ಮೊಲ, ಬಾಯ್ತುಂಬ ಮಾತು. ಜಮೀನಿನ ದಾಖಲೆ ಸರಿಹೋದ ಕೂಡಲೇ ಕನ್ನಡದ ನಾಯಕ ಪ್ರೀತಿಸಲು ಬಿಡುವಾದ ಎಂಬ ನನ್ನ ಈ ಪ್ರಮೇಯವನ್ನು ಕೇಳಿ ಅತ್ತೆ, ‘ನಿನಗೆ ಬೇರೆ ಕೆಲಸ ಇಲ್ವಾ’ ಎಂದರು. ಸಮಕಾಲೀನರು ನೀಡಿದ ಪ್ರೋತ್ಸಾಹ ಎಂದು ಇದನ್ನು ಭಾವಿಸಿದ್ದೇನೆ.

ಯೋಗರಾಜ ಭಟ್ಟರ ಆ ಚಿತ್ರದ ಬಗ್ಗೆ ಆಚಾರ್ಯರ ಅಭಿಪ್ರಾಯ ಮಾತ್ರ ಸ್ವತಂತ್ರವಾದದ್ದು. ನಂದಿನಿಯನ್ನು ಬಿಟ್ಟುಕೊಟ್ಟ ಪ್ರೀತಮನ ತ್ಯಾಗಕ್ಕೆ ರಾಜ್ಯವೇ ಕರಗಿತು. ಅತ್ತೆ ಒಪ್ಪಿದರು, ಕಾರಣ ಬೇರೆ: ‘ಛತ್ರ ಗೊತ್ತಾಗಿ, ಅಡುಗೆಯೋರಿಗೆ ಮುಂಗಡ ಕೊಟ್ಟ ಮೇಲೆ ಯಾವ ಮದುವೇನೂ ನಿಲ್ಲಿಸಬಾರದು.’ ಮೊಲ ಸತ್ತಾಗ ಇಡೀ ಚಿತ್ರಮಂದಿರ ಬಿಕ್ಕುತ್ತಿತ್ತು. ಅಷ್ಟು ಮಳೆಯಲ್ಲಿ ಅದನ್ನು ಹೊತ್ತು ತಿರುಗಿದರೆ ಇನ್ನೇನಾಗುತ್ತದೆ, ಒಂದು ಗೋಣಿಚೀಲವಾದರೂ ಹೊದಿಸಬಾರದಿತ್ತೇ ಎಂದು ಇವರು ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಹೇಳುತ್ತಿದ್ದರು.

ಪೂರ್ವಪಕ್ಷ

ಎದುರಾಳಿಗಳು ಇಬ್ಬರು. ಮೊದಲನೆಯವನು ಸಿನಿಮಾ ಶಾಸ್ತ್ರವನ್ನೇ ಓದುತ್ತಿರುವ ಮೊಮ್ಮಗ. ‘ಅಜ್ಜಿ, ಸಿನಿಮಾ ಅಂದ್ರೆ ಕಥೆ ಅಲ್ಲ, ಹೇಳೋ ರೀತಿ’ ಎಂಬುದು ಅವನ ವಾದ. ಅದಕ್ಕೆ ಆಧಾರವಾಗಿ ಉಪೇಂದ್ರರ ‘ಎ’ (1998) ಹಾಕಿ ತೋರಿಸಿದ. ಕಾಲ ಹಿಂದುಮುಂದಾಗುವ ಆ ಚಿತ್ರವನ್ನು ಅತ್ತೆ ಅಲುಗಾಡದೆ ನೋಡಿದರು. ಟೆಂಟಿನ ಕಾಲದಲ್ಲಿ ಆಪರೇಟರ್ ರೀಲು ಅದಲುಬದಲು ಮಾಡಿ, ಮೊದಲು ರಾಜ್ಯ ಮರಳಿ ಪಡೆದು ಆಮೇಲೆ ಕಳೆದುಕೊಂಡ ಹರಿಶ್ಚಂದ್ರನನ್ನು ನೋಡಿ ಅರಗಿಸಿಕೊಂಡವರಿಗೆ ಇದೇನು ಮಹಾ? ಮರುದಿನ ಅವರೆಕಾಯಿ ಸುಲಿಯುತ್ತ ಇಡೀ ಕಥೆಯನ್ನು ನೇರ ಕ್ರಮದಲ್ಲಿ ಜೋಡಿಸಿ ಒಪ್ಪಿಸಿದರು. ಮೊಮ್ಮಗನ ಪ್ರಾಧ್ಯಾಪಕರಿಗೆ ಅದು ಸಾಧ್ಯವಾಗಿರಲಿಲ್ಲವಂತೆ. ‘ಲೂಸಿಯಾ’ (2013) ಹಾಕಿದಾಗ ಮಾತ್ರ ಸಣ್ಣ ಗೊಂದಲ: ಕಪ್ಪುಬಿಳುಪು ಭಾಗ ಬಂದಾಗಲೆಲ್ಲ ಹಳೆಯ ಸಿನಿಮಾಕ್ಕೆ ಚಾನೆಲ್ ಬದಲಾಯಿತೆಂದು ಖುಷಿಪಡುತ್ತಿದ್ದರು, ಬಣ್ಣ ಬಂದ ಕೂಡಲೇ ರಿಮೋಟ್ ಹುಡುಕುತ್ತಿದ್ದರು.

ಎರಡನೆಯವರು ಮಾವ. ರಾಜ್‌ಕುಮಾರ್ ನಂತರ ಸಿನಿಮಾ ಇಲ್ಲ, ‘ಮಯೂರ’ದ (1975) ನಂತರ ಸಿನಿಮಾದ ಅಗತ್ಯವೂ ಇರಲಿಲ್ಲ ಎಂಬುದು ಅವರ ಅದ್ವೈತ. ಮಯೂರ ಪಲ್ಲವರ ಸೊಕ್ಕಡಗಿಸಿ ಕದಂಬ ರಾಜ್ಯ ಕಟ್ಟಿದ್ದು ಅವರಿಗೆ ಕನ್ನಡದ ಸ್ವಾಭಿಮಾನ. ಅತ್ತೆಗೆ ಅದು ಒತ್ತುವರಿ ತೆರವು.

ಸಂಶೋಧಕರು ಸಹಜವಾಗಿಯೇ ಕೇಳುತ್ತಾರೆ: ಈ ದರ್ಶನದ ಮೂಲಪ್ರೇರಣೆ ಏನು? ಮಾವ ಕಚೇರಿಯ ನೌಕರಿಯಲ್ಲಿದ್ದವರು, ಅವರಿಂದ ಬಂದಿರಬೇಕು ಎಂಬ ಒಂದು ಮತವಿದೆ. ಅತ್ತೆ ಅದನ್ನು ನಗುತ್ತ ತಳ್ಳಿಹಾಕುತ್ತಾರೆ. ಇನ್ನೊಂದು ಮತದ ಪ್ರಕಾರ ಮೂಲ ಅವರ ತವರಿನ ತೆಂಗಿನ ತೋಟದಲ್ಲಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲಿ ಬಂತು, ಅದೂ ಆ ಹೊತ್ತಿಗೆ ಮದುವೆಯಾಗದೆ ಇದ್ದವರಿಗೆ. ಅತ್ತೆಯ ಕೊಳಗದ ಶಾಸನ ಅದಕ್ಕಿಂತ ಎಷ್ಟೋ ಹಳೆಯದು. ಹಬ್ಬಕ್ಕೆ ಬಂದಿದ್ದಾಗ ಅರಿಸಿನ ಕುಂಕುಮ, ಸೀರೆ, ಹಕ್ಕು ಖುಲಾಸೆ ಪತ್ರ ಮೂರನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ಕೊಟ್ಟರೆಂದೂ, ಪತ್ರಕ್ಕೆ ಅತ್ತೆ ಸಹಿ ಹಾಕಿದರೆಂದೂ, ಆ ತೋಟದ ಒಂಬತ್ತನೇ ಕಾಲಂನಲ್ಲಿ ಇಂದು ಪ್ರಸ್ತುತ ಲೇಖಕನ ತಂದೆಯ ಹೆಸರಿದೆಯೆಂದೂ ಹೇಳಲಾಗುತ್ತದೆ. ಈ ವಿಷಯ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲವಾದ್ದರಿಂದ ಮುಂದಕ್ಕೆ ಹೋಗೋಣ. ಎಳನೀರು ಮಾತ್ರ ವರ್ಷವಿಡೀ ಕಳಿಸುತ್ತೇವೆ.

ನವ್ಯೋತ್ತರ ಪ್ರಕರಣ

ಪಹಣಿ ಕಂಪ್ಯೂಟರಿಗೆ ಏರಿದರೂ ಜಗಳ ಇಳಿಯಲಿಲ್ಲ ಎಂಬುದಕ್ಕೆ ‘ತಿಥಿ’ ಸಾಕ್ಷಿ. ರಾಮ್ ರೆಡ್ಡಿ ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನರನ್ನೇ ಹಾಕಿಕೊಂಡು ಮಾಡಿದ್ದು. 2015ರಲ್ಲಿ ಲೊಕಾರ್ನೊದಲ್ಲಿ ಬಹುಮಾನ ಗೆದ್ದು ಮರುವರ್ಷ ಇಲ್ಲಿ ಬಿಡುಗಡೆಯಾಯಿತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನಕ್ಕೆ ಊರಿಗೆ ಬಾಡೂಟ ಹಾಕಬೇಕು. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನು ಮಾರುವ ಆತುರ, ಆದರೆ ಅದು ನ್ಯಾಯವಾಗಿ ಹೋಗಬೇಕಾದದ್ದು ಅಪ್ಪ ಗಡ್ಡಪ್ಪನಿಗೆ. ಗಡ್ಡಪ್ಪನೋ, ಕೈಯಲ್ಲಿ ಬ್ರಾಂದಿ ಹಿಡಿದು ಊರ ಹೊರಗೆ ನಡೆಯುತ್ತಲೇ ಇರುವ ಮನುಷ್ಯ. ತಮ್ಮಣ್ಣ ಜೀವಂತ ಅಪ್ಪನಿಗೆ ಮರಣಪತ್ರ ಮಾಡಿಸಲು ಓಡಾಡುತ್ತಾನೆ.

ಸೂತ್ರ, ಉಪಸೂತ್ರ ಎರಡೂ ಒಂದೇ ಚಿತ್ರದಲ್ಲಿ ಇಷ್ಟು ಅಚ್ಚುಕಟ್ಟಾಗಿ ಸೇರಿದ್ದನ್ನು ಕಂಡು ಅತ್ತೆ ಸೊಪ್ಪಿನ ಮೊರವನ್ನು ಕೆಳಗಿಟ್ಟರು. ನನಗೆ ತಿಳಿದ ಮಟ್ಟಿಗೆ ಇನ್ಯಾವ ಚಿತ್ರಕ್ಕೂ ಆ ಗೌರವ ಸಿಕ್ಕಿಲ್ಲ. ‘ಸಂಸ್ಕಾರ’ದಲ್ಲಿ ಹೆಣ ಎತ್ತದೆ ಊಟವಿಲ್ಲ, ‘ತಿಥಿ’ಯಲ್ಲಿ ಊಟ ಹಾಕದೆ ಹೆಣದ ಋಣ ತೀರದು, ನಲವತ್ತೈದು ವರ್ಷದಲ್ಲಿ ಕನ್ನಡ ಸಿನಿಮಾ ಅಗ್ರಹಾರದಿಂದ ಹೊರಟು ಮಂಡ್ಯದ ಗದ್ದೆಬಯಲಿಗೆ ಬಂದು ತಲುಪಿದ ದೂರ ಅಷ್ಟು. ಈ ವಾಕ್ಯ ನನ್ನದು. ಅತ್ತೆ ಹೇಳಿದ್ದು: ‘ಅಂತೂ ಒಬ್ಬ ಆಫೀಸಿಗೆ ಹೋದ.’

‘ಸಪ್ತ ಸಾಗರದಾಚೆ ಎಲ್ಲೋ’ (2023) ನೋಡಿ ಅವರು ಮತ್ತೆ ಹಳೆಯ ವ್ಯಥೆಗೆ ಮರಳಿದರು. ಮನು ಮನೆ ಮಾಡುವ ಆಸೆಗೆ ಯಜಮಾನನ ಕಡೆಯವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ, ಕೊಟ್ಟ ಮಾತು ಹಾರಿಹೋಗುತ್ತದೆ. ಮೊಮ್ಮಗ ನೀಲಿ ಬಣ್ಣದ ಬಗ್ಗೆ, ಕಡಲಿನ ಸದ್ದಿನ ಬಗ್ಗೆ ವಿವರಿಸುತ್ತಿದ್ದ. ಅತ್ತೆಯ ಪ್ರಶ್ನೆ ಒಂದೇ. ಅದೇನೆಂದು ಇಷ್ಟು ಹೊತ್ತಿಗೆ ಓದುಗರೇ ಹೇಳಬಲ್ಲರು.

ಇನ್ನು ‘ಕಾಂತಾರ’ (2022). 1847ರಲ್ಲಿ ಅರಸನೊಬ್ಬ ದೈವದ ಕಲ್ಲಿಗೆ ಪ್ರತಿಯಾಗಿ ಕಾಡಂಚಿನ ಜನಕ್ಕೆ ಭೂಮಿ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶಸ್ಥ ವಾಪಸ್ ಕೇಳುತ್ತಾನೆ, ಕೋರ್ಟಿನ ಮೆಟ್ಟಿಲ ಮೇಲೆ ಸಾಯುತ್ತಾನೆ. 1990ರಲ್ಲಿ ಧಣಿ ನಗುನಗುತ್ತಲೇ ಜನರ ಜಾಗವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿರುತ್ತಾನೆ. ಖಳಲಕ್ಷಣ ಸಾಕ್ಷಾತ್ ಪರದೆಯ ಮೇಲೆ! ಮಗನಿಗೆ ಬೈಯುತ್ತಲೇ ಬಡಿಸುವ ತಾಯಿಯ ಪಾತ್ರವೂ ಅತ್ತೆಗೆ ಹಿಡಿಸಿತು. ಕೊನೆಯ ಕಾಲುಗಂಟೆ ಅವರು ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಕೈಮುಗಿದು ಕೂತಿದ್ದರು, ದೈವದ ಎದುರು ವಿಮರ್ಶೆಗೆ ಅಧಿಕಾರವ್ಯಾಪ್ತಿ ಇಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿದ ಮೇಲೆ ವ್ಯಾಪ್ತಿ ಮರಳಿತು: ‘ದೈವ ಸಾಕ್ಷಿ ಹಾಕಿತ್ತು, ಸರಿ. ಪತ್ರ ಎಲ್ಲಿ?’

ಆದ್ದರಿಂದ 2025ರ ಅಕ್ಟೋಬರ್‌ನಲ್ಲಿ ಇದರ ಪೂರ್ವಕಥೆಯಾದ ‘ಕಾಂತಾರ ಅಧ್ಯಾಯ 1’ ಬಂದಾಗ ಅತ್ತೆ ಮೊದಲ ವಾರವೇ ಹೊರಟರು. ಕೋಡುಬಳೆಯ ಡಬ್ಬಿಯನ್ನು ಬಾಗಿಲಲ್ಲಿ ಕಾವಲಿನವರು ಇಳಿಸಿಕೊಂಡರು, ಪಾಪ್‌ಕಾರ್ನಿನ ಬೆಲೆ ಕೇಳಿ ಉಪಸೂತ್ರ ಉಗ್ರರೂಪ ತಾಳಿತು. ಆ ಸಂವಾದವನ್ನು ಇಲ್ಲಿ ಕೊಡುವಂತಿಲ್ಲ. ಮೂಲ ಒಪ್ಪಂದದ ಕಾಗದವನ್ನು ಇದರಲ್ಲಾದರೂ ತೋರಿಸಿಯಾರು ಎಂಬ ಅವರ ನಿರೀಕ್ಷೆ ಕೈಗೂಡಲಿಲ್ಲ. ಸಿನಿಮಾ ಕದಂಬರ ಕಾಲದ್ದು, ಆಗೆಲ್ಲಿಯ ಕಾಗದ ಎಂದು ಮೊಮ್ಮಗ ಸಮಾಧಾನ ಹೇಳಿದ.

ಪ್ರಬಂಧಕಾರನಾಗಿ ನಾನು ಬಾಯಿ ಹಾಕಬೇಕಾದ ಜಾಗ ಇದೇ ಎನಿಸಿತು. ‘ಹಾಗಲ್ಲ. ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಶಾಸನಗಳಲ್ಲಿ ಹೆಸರಾದದ್ದು ಹಲ್ಮಿಡಿಯದು, ಬೇಲೂರು ತಾಲ್ಲೂಕು, ಸುಮಾರು ಕ್ರಿ.ಶ. 450. ಅದೂ ಕದಂಬರ ಕಾಲದ್ದೇ. ಅದರಲ್ಲಿ ಇರೋದು ಕಾವ್ಯವೂ ಅಲ್ಲ, ಧರ್ಮೋಪದೇಶವೂ ಅಲ್ಲ ಅತ್ತೆ. ಯುದ್ಧದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸ ಅನ್ನೋನಿಗೆ ಪಲ್ಮಿಡಿ, ಮೂಳವಳ್ಳಿ ಅನ್ನೋ ಊರುಗಳನ್ನು ಬಿಟ್ಟುಕೊಟ್ಟ ದಾಖಲೆ. ಕದ್ದವನಿಗೆ ಪಾಪ ಅಂತಲೂ ಬರೆದಿದೆ. ಕಲ್ಲಿನ ಮೇಲೆ, ಸಾಕ್ಷಿ ಸಮೇತ. ನಮ್ಮ ಭಾಷೆ ಬರವಣಿಗೆಗೆ ಇಳಿದದ್ದೇ ನಿಮ್ಮ ಸೂತ್ರಕ್ಕೋಸ್ಕರ’ ಎಂದೆ.

ಹದಿನೈದು ಶತಮಾನಗಳ ಪರಂಪರೆಯನ್ನು ಒಮ್ಮೆಲೇ ಅವರ ಮಡಿಲಿಗೆ ಹಾಕಿದ ಸಂಭ್ರಮದಲ್ಲಿ ನಾನಿದ್ದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: ‘ಆ ಜಮೀನು ಈಗ ಯಾರ ಹೆಸರಲ್ಲಿದೆ?’